ದಾದಿ ವಿದ್ಯೆಗೆ ಪದವಿ ಬಂದ ಬಗೆ



ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಈಗಿನ ಕಾಸರಗೋಡು ಜಿಲ್ಲೆಯ ಬ್ಯಾಂಕ್ ಶಾಖೆಗಳಲ್ಲಿ ಗುಮಾಸ್ತನಾಗಿದ್ದೆ. ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ಇತಿಹಾಸದ ಬಗ್ಗೆ ಪಂಡಿತರಂತೆ ಮಾತನಾಡುವ ಅಧಿಕಾರ ನನಗಿಲ್ಲ. ಆದರೆ ಕೌಂಟರಿನ ಹಿಂದೆ ಕುಳಿತವನಿಗೂ ಒಂದಿಷ್ಟು ಇತಿಹಾಸ ಕಾಣುತ್ತದೆ. ಜೂನ್ ತಿಂಗಳ ಮಳೆಯಲ್ಲಿ ಕೊಡೆ ಮಡಚಿ ಒಳಗೆ ಬರುವ ತಂದೆ, ಅವರ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಅಂಕಪಟ್ಟಿ ಹಿಡಿದ ಮಗಳು. "ಒಂದು ಡ್ರಾಫ್ಟ್ ಆಗಬೇಕಿತ್ತು, ನರ್ಸಿಂಗಿನ ಅರ್ಜಿಗೆ" ಎಂಬ ಮಾತು. ಹೀಗೆ ಎಷ್ಟು ಡ್ರಾಫ್ಟ್ ಬರೆದೆನೋ ಲೆಕ್ಕವಿಲ್ಲ. ಪ್ರತಿ ಸಲ ಬರೆಯುವಾಗಲೂ ನನಗೆ ನನ್ನ ಅಕ್ಕನ ನೆನಪಾಗುತ್ತಿತ್ತು.

ಅಕ್ಕ 1973ರಲ್ಲಿ ಎಸ್.ಎಸ್.ಎಲ್.ಸಿ. ಪಾಸಾದಳು. ಮಂಗಳೂರಿನ ಒಂದು ಆಸ್ಪತ್ರೆಯ ದಾದಿಯರ ಶಾಲೆಗೆ ಸೇರುವ ಆಸೆ ಅವಳಿಗೆ. ಮೇಷ್ಟ್ರು ಅರ್ಜಿ ತರಿಸಿಕೊಟ್ಟರು. ಅಪ್ಪ ಸಹಿ ಹಾಕಲಿಲ್ಲ. "ಕಂಡವರ ಮೈಕೈ ಮುಟ್ಟುವ ಕೆಲಸ ನಮ್ಮ ಮನೆಯ ಹುಡುಗಿಗೆ ಬೇಡ" ಎಂದರು. ಮರುವರ್ಷ ಮದುವೆಯಾಯಿತು. ಅಪ್ಪ ಕೆಟ್ಟವರಲ್ಲ, ಊರೆಲ್ಲ ಹಾಗೆಯೇ ಮಾತನಾಡುತ್ತಿದ್ದ ಕಾಲ ಅದು. ಹಾಗಾದರೆ ಆ ಕೆಲಸಕ್ಕೆ ವಿಶ್ವವಿದ್ಯಾಲಯದ ಪದವಿ ಯಾವಾಗ ಬಂತು, ಹೇಗೆ ಬಂತು? ನಿವೃತ್ತನಾದ ಮೇಲೆ ಓದಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ದಾದಿಯ ಕೆಲಸವನ್ನು ಶಾಲೆಯಲ್ಲಿ ಕಲಿಸಬೇಕಾದ ವಿದ್ಯೆ ಎಂದು ಜಗತ್ತು ಒಪ್ಪಿದ್ದು ಫ್ಲಾರೆನ್ಸ್ ನೈಟಿಂಗೇಲ್ ಅವರಿಂದ. ಕ್ರೈಮಿಯಾ ಯುದ್ಧದಿಂದ ಹಿಂತಿರುಗಿದ ಬಳಿಕ, 1860ರಲ್ಲಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ಶಾಲೆ ಆರಂಭವಾಯಿತು. ಆದರೆ ಅದು ಆಸ್ಪತ್ರೆಯ ಶಾಲೆ. ಹುಡುಗಿಯರು ವಾರ್ಡಿನಲ್ಲಿ ದುಡಿಯುತ್ತಲೇ ಕಲಿಯಬೇಕು. ಕಲಿತು ಮುಗಿದರೆ ಸರ್ಟಿಫಿಕೇಟು, ಪದವಿಯಲ್ಲ. 1909ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯ ತನ್ನೊಳಗೇ ಒಂದು ನರ್ಸಿಂಗ್ ಶಾಲೆಯನ್ನು ತೆರೆಯಿತು. ಅಲ್ಲಿಂದ ಆಸ್ಪತ್ರೆಯ ಬಾಗಿಲು ಮತ್ತು ವಿಶ್ವವಿದ್ಯಾಲಯದ ಬಾಗಿಲು ಹತ್ತಿರವಾಗತೊಡಗಿದವು.

ಅದೇ 1909ರಲ್ಲಿ ನಮ್ಮ ಕಡೆಯಲ್ಲೂ ಒಂದು ಕೆಲಸ ನಡೆಯಿತು. ವೆಲ್ಲೂರಿನಲ್ಲಿ ಡಾಕ್ಟರ್ ಐಡಾ ಸ್ಕಡರ್ ಅವರ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಪ್ರಾರಂಭವಾಯಿತು. ಈಕೆ ವೈದ್ಯೆಯಾದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಹುಡುಗಿಯಾಗಿದ್ದಾಗ ಒಂದೇ ರಾತ್ರಿ ಮೂರು ಮನೆಯವರು ಬಂದು ಹೆರಿಗೆಗೆ ಕರೆದರು. ವೈದ್ಯರಾಗಿದ್ದ ಅವರ ತಂದೆ ಗಂಡಸು ಎಂಬ ಕಾರಣಕ್ಕೆ ಮನೆಯವರು ಬೇಡವೆಂದರು. ಬೆಳಗಾಗುವಷ್ಟರಲ್ಲಿ ಮೂವರು ತಾಯಂದಿರೂ ತೀರಿಕೊಂಡಿದ್ದರು. ಮರ್ಯಾದೆಯ ಹೆಸರಿನಲ್ಲಿ ಪ್ರಾಣ ಹೋದದ್ದನ್ನು ಕಂಡ ಆಕೆ ವೈದ್ಯ ವಿದ್ಯೆ ಕಲಿತು ಬಂದರು. ನಮ್ಮ ಅಪ್ಪ ಹೇಳಿದ್ದೂ ಮರ್ಯಾದೆಯ ಮಾತೇ ಅಲ್ಲವೇ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರವರೆಗೂ ನಮಗೆ ಮದ್ರಾಸೇ ರಾಜಧಾನಿ. ದಾದಿಯರ ಹೆಸರು ನೋಂದಾಯಿಸುವ ಕೌನ್ಸಿಲ್ ಈ ದೇಶದಲ್ಲಿ ಮೊದಲು ಏರ್ಪಟ್ಟದ್ದೂ ಮದ್ರಾಸಿನಲ್ಲೇ, 1926ರಲ್ಲಿ.

1943ರಲ್ಲಿ ಬ್ರಿಟಿಷ್ ಸರಕಾರ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ದೇಶದ ಆರೋಗ್ಯ ಹೇಗಿದೆ ಎಂದು ನೋಡುವುದು ಅದರ ಕೆಲಸ. 1946ರಲ್ಲಿ ಬಂದ ವರದಿಯ ಲೆಕ್ಕ ಕೇಳಿ. ಇಡೀ ಹಿಂದೂಸ್ಥಾನದಲ್ಲಿ ತರಬೇತಿ ಪಡೆದ ದಾದಿಯರು ಸುಮಾರು 7,000 ಮಾತ್ರ. ಅಂದರೆ 43,000 ಜನರಿಗೆ ಒಬ್ಬಳು. ಇಂಗ್ಲೆಂಡಿನಲ್ಲಾದರೆ 300 ಜನರಿಗೆ ಒಬ್ಬಳಿದ್ದಳು. 1971ರ ಹೊತ್ತಿಗೆ 500 ಜನರಿಗೆ ಒಬ್ಬ ದಾದಿ ಆಗಬೇಕು ಎಂದು ಸಮಿತಿ ಗುರಿ ಇಟ್ಟಿತು. ಇಷ್ಟು ಮಂದಿಗೆ ಕಲಿಸಲು ಕಲಿಸುವವರೂ ಬೇಕು. ಅವರಿಗಾಗಿ ಪದವಿ ಕೊಡುವ ಕಾಲೇಜುಗಳು ಬೇಕು ಎಂಬ ಮಾತು ಬಲವಾಯಿತು.

ಅದೇ 1946ರಲ್ಲಿ ಎರಡು ಕಡೆ ಪದವಿ ತರಗತಿ ಆರಂಭವಾಯಿತು. ಒಂದು ದೆಹಲಿಯಲ್ಲಿ, ದೆಹಲಿ ವಿಶ್ವವಿದ್ಯಾಲಯದ ಅಡಿಯಲ್ಲಿ. ಅದಕ್ಕೆ ಮುಂದೆ ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರಿಟ್ಟರು. ಇನ್ನೊಂದು ವೆಲ್ಲೂರಿನಲ್ಲಿ, ಮದ್ರಾಸ್ ವಿಶ್ವವಿದ್ಯಾಲಯದ ಅಡಿಯಲ್ಲಿ. ಇಲ್ಲಿ ಒಂದು ಹೆಮ್ಮೆಯ ಸಂಗತಿ ಇದೆ. ನೈಟಿಂಗೇಲ್ ಅವರ ಬ್ರಿಟನ್ನಿನಲ್ಲಿ ಮೊದಲ ನರ್ಸಿಂಗ್ ಪದವಿ ತರಗತಿ ಶುರುವಾದದ್ದು 1960ರಲ್ಲಿ, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ. ಈ ಒಂದು ವಿಷಯದಲ್ಲಿ ಶಿಷ್ಯರು ಗುರುವಿನ ಮನೆಗಿಂತ ಹದಿನಾಲ್ಕು ವರ್ಷ ಮುಂದಿದ್ದರು.

1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ದೇಶಕ್ಕೆಲ್ಲ ಒಂದೇ ಮಟ್ಟದ ಕಲಿಕೆ ಇರಬೇಕೆಂಬುದು ಅದರ ಉದ್ದೇಶ. ಆಗಲೇ ಡಿಪ್ಲೊಮಾ ಮಾಡಿ ಕೆಲಸದಲ್ಲಿದ್ದವರ ಗತಿಯೇನು? ಅವರಿಗೂ ಎರಡು ವರ್ಷ ಓದಿ ಪದವಿ ಪಡೆಯುವ ದಾರಿ 1963ರಲ್ಲಿ ತಿರುವನಂತಪುರದಲ್ಲಿ ತೆರೆಯಿತು. ಅಂದರೆ ಅಕ್ಕ ಎಸ್.ಎಸ್.ಎಲ್.ಸಿ. ಪಾಸಾಗುವ ಹತ್ತು ವರ್ಷ ಮೊದಲೇ ನಮ್ಮ ರಾಜ್ಯದಲ್ಲೇ ಆ ದಾರಿ ಇತ್ತು. ನಮ್ಮ ಊರಿಗೆ ಸುದ್ದಿ ಮುಟ್ಟಿರಲಿಲ್ಲ ಅಷ್ಟೆ.

ಮುಂದೆ ವೈದ್ಯಕೀಯ ವಿದ್ಯೆಗೆಂದೇ ಪ್ರತ್ಯೇಕ ವಿಶ್ವವಿದ್ಯಾಲಯಗಳು ಬಂದವು. ವಿಜಯವಾಡದಲ್ಲಿ 1986ರಲ್ಲಿ, ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಅವರ ಹೆಸರಿನಲ್ಲಿ 1996ರಲ್ಲಿ, ನಾಸಿಕದಲ್ಲಿ 1998ರಲ್ಲಿ, ನಮ್ಮ ಕೇರಳದ ತ್ರಿಶ್ಶೂರಿನಲ್ಲಿ 2010ರಲ್ಲಿ. ಮದ್ರಾಸಿನಲ್ಲಿ ಎಂ.ಜಿ.ಆರ್. ಹೆಸರಿನ ವಿಶ್ವವಿದ್ಯಾಲಯ ಎಂಬತ್ತರ ದಶಕದಲ್ಲೇ ಬಂದಿತ್ತು. ರಾಯದುರ್ಗದ ಹುಡುಗಿಗೂ, ಅಕ್ಕಲಕೋಟೆಯ ಹುಡುಗಿಗೂ, ಹೊಸೂರಿನ ಹುಡುಗಿಗೂ ಬೇರೆ ಬೇರೆ ವಿಶ್ವವಿದ್ಯಾಲಯ. ಮನೆಯ ಮಾತು ಮಾತ್ರ ಒಂದೇ.

ಕಾಲೇಜುಗಳು ಹೆಚ್ಚಿದಂತೆ ಮೋಸವೂ ಹೆಚ್ಚಿತು. ಒಬ್ಬ ರೈತ ಅಡಿಕೆ ಮಾರಿದ ಹಣ ತಂದು ದೂರದ ಒಂದು ಕಾಲೇಜಿನ ಹೆಸರಿಗೆ ಡ್ರಾಫ್ಟ್ ಮಾಡಿಸಿದ. ಬರೆದವನು ನಾನೇ. ಆ ಕಾಲೇಜಿಗೆ ಮಾನ್ಯತೆ ಇಲ್ಲವೆಂದು ಎಂಟು ತಿಂಗಳ ಮೇಲೆ ತಿಳಿಯಿತು. ಹಣ ಬರಲಿಲ್ಲ, ಹುಡುಗಿಯ ಒಂದು ವರ್ಷವೂ ಹೋಯಿತು. "ನೀವಾದರೂ ಒಂದು ಮಾತು ಹೇಳಬಾರದಿತ್ತೇ ಸ್ವಾಮಿ?" ಎಂದು ಆತ ಕೌಂಟರಿನ ಮುಂದೆ ನಿಂತು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಇಂಥ ಡ್ರಾಫ್ಟ್ ಬರೆಯುವ ಮುಂಚೆ ಎರಡು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡೆ. ರಾಜ್ಯದ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ? ವಿಶ್ವವಿದ್ಯಾಲಯಕ್ಕೆ ಕಾಲೇಜು ಸೇರಿದೆಯೇ? ಕಾಗದ ನೋಡದೆ ಹಣ ಕಟ್ಟಬೇಡಿ ಎಂದು ನಿಮಗೂ ಹೇಳುತ್ತೇನೆ.

2001ರಲ್ಲಿ ಬ್ಯಾಂಕುಗಳ ಸಂಘ ಶಿಕ್ಷಣ ಸಾಲದ ಮಾದರಿ ಯೋಜನೆಯನ್ನು ತಂದಿತು. ನಾಲ್ಕು ಲಕ್ಷ ರೂಪಾಯಿವರೆಗೆ ಆಸ್ತಿ ಅಡವಿಡದೆ ಸಾಲ ಸಿಗುವಂತಾಯಿತು. ಅದಕ್ಕೆ ಮೊದಲು ಬರಿಗೈಯಲ್ಲಿ ಹಿಂತಿರುಗುತ್ತಿದ್ದ ಕೂಲಿಕಾರರ ಮಕ್ಕಳೂ ಆಮೇಲೆ ಪದವಿ ತರಗತಿಗೆ ಹೋಗುವುದನ್ನು ನಾನು ಕಂಡೆ.

2020ರ ಮಾರ್ಚ್ ತಿಂಗಳನ್ನು ಗಡಿನಾಡಿನವರು ಯಾರೂ ಮರೆಯಲಾರರು. ಕೊರೋನಾ ಕಾಲದಲ್ಲಿ ತಲಪಾಡಿಯ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರಲ್ಲಿ ಕೆಲವರು ದಾರಿಯಲ್ಲೇ ಜೀವ ಬಿಟ್ಟರು. ರೋಗಿಗೆ ರಾಜ್ಯವಿಲ್ಲ, ಆಸ್ಪತ್ರೆಗೆ ಮಾತ್ರ ಇದೆ ಎಂಬುದು ಆಗ ಅರ್ಥವಾಯಿತು. ನಮ್ಮ ಊರಿಗೆ ನಮ್ಮವರೇ ಆದ ದಾದಿಯರು ಎಷ್ಟು ಅಗತ್ಯ ಎಂಬುದೂ ಅರ್ಥವಾಯಿತು.

ಈಚೆಗೆ ಅಕ್ಕನ ಮೊಮ್ಮಗಳು ಬಿ.ಎಸ್ಸಿ. ನರ್ಸಿಂಗಿಗೆ ಅರ್ಜಿ ಹಾಕಿದಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ. 2021ರ ನಿಯಮದಂತೆ ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು, ಶೇಕಡಾ 45 ಅಂಕ ಬೇಕು, ಹದಿನೇಳು ವರ್ಷ ತುಂಬಿರಬೇಕು. ಓದು ನಾಲ್ಕು ವರ್ಷ, ಎಂಟು ಸೆಮಿಸ್ಟರು. ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರಿಗೆಂದೇ ಒಂದು ಕಲಮು ಇದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಆಯಾ ವರ್ಷದ ಪ್ರಕಟಣೆಯನ್ನು ತಪ್ಪದೆ ಓದಬೇಕು. ನಿಯಮಗಳು ಬದಲಾಗುತ್ತವೆ. 2023ರಲ್ಲಿ ಸಂಸತ್ತು ಹಳೆಯ ಕೌನ್ಸಿಲಿನ ಜಾಗಕ್ಕೆ ರಾಷ್ಟ್ರೀಯ ಆಯೋಗವನ್ನು ತರುವ ಕಾಯ್ದೆಯನ್ನೇ ಮಾಡಿದೆ.

ಆದಾಯದ ಸರ್ಟಿಫಿಕೇಟು, ವಾಸದ ಸರ್ಟಿಫಿಕೇಟು, ಜಾತಿಯ ಸರ್ಟಿಫಿಕೇಟು ಎಂದು ಗ್ರಾಮ ಕಚೇರಿಗೂ ಅಕ್ಷಯ ಕೇಂದ್ರಕ್ಕೂ ನಾನೂ ಅವಳೂ ಓಡಾಡಿದೆವು. ಜಗಲಿಯಲ್ಲಿ ಕಾಗದ ಹರಡಿ ಕುಳಿತಿದ್ದಾಗ ಅಕ್ಕ ಬಂದು ನೋಡಿ, "ಒಂದು ಸೂಜಿ ಹಾಕಲಿಕ್ಕೆ ಇಷ್ಟು ಕಾಗದ ಬೇಕಾ ತಮ್ಮ?" ಎಂದಳು. ಎಲ್ಲರೂ ನಕ್ಕೆವು. ಆಮೇಲೆ ಅರ್ಜಿಯಲ್ಲಿ ಪೋಷಕರ ಸಹಿಯ ಜಾಗ ಬಂತು. ಮಗುವಿನ ಅಪ್ಪ ಗಲ್ಫಿನಲ್ಲಿದ್ದ, ತಾಯಿ ಸಹಿ ಹಾಕಿದಳು. ಅಕ್ಕ ಆ ಸಹಿಯನ್ನು ಸ್ವಲ್ಪ ಹೊತ್ತು ನೋಡಿದಳು. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸೀಟು ಸಿಕ್ಕಿತು. ಮೊದಲ ತಿಂಗಳು ಇಂಗ್ಲಿಷ್ ಪಾಠ ಅರ್ಥವಾಗದೆ ಅತ್ತಳಂತೆ. ಈಗ ಪರವಾಗಿಲ್ಲ. ವಾರ್ಡಿಗೆ ಹೋದಾಗ ಮಲಯಾಳ, ತುಳು, ಕನ್ನಡ ಮೂರರಲ್ಲೂ ರೋಗಿಗಳ ಜೊತೆ ಮಾತನಾಡುವವಳು ಇವಳೇ ಎಂದು ಜೊತೆಯವರು ಕರೆಯುತ್ತಾರಂತೆ. ನೋವು ಎಲ್ಲಿದೆ ಎಂದು ಮನೆಯ ಮಾತಿನಲ್ಲಿ ಕೇಳಿದರೆ ರೋಗಿ ಬೇಗ ಬಾಯಿ ಬಿಡುತ್ತಾನೆ. ಗಡಿಯ ಮಕ್ಕಳಾದ ನಮಗೆ ಎರಡು ಮೂರು ಭಾಷೆ ಹೊರೆಯೆಂದು ಹೇಳುವವರಿದ್ದಾರೆ. ಆಸ್ಪತ್ರೆಯಲ್ಲಿ ಅದು ಹೊರೆಯಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಹೆಣ್ಣುಮಗಳೋ ಗಂಡುಮಗನೋ ಈ ಓದಿನ ಆಸೆ ಹೇಳಿದರೆ ಕಾಗದಪತ್ರ ಸರಿಯಾಗಿ ನೋಡಿ, ಕಾಲೇಜು ಸರಿಯಾಗಿ ವಿಚಾರಿಸಿ. ಆಮೇಲೆ ಸಹಿ ಹಾಕಿ. ಅಕ್ಕನ ಅರ್ಜಿಯಂತೆ ಅದು ಹಾಗೆಯೇ ಉಳಿಯದಿರಲಿ.