ಡಕಾರ್: ಪ್ಲೇಗಿನ ಹೆಸರಲ್ಲಿ ಎಳೆದ ಗೆರೆ

ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆಯನ್ನು ನಾವೆಲ್ಲ ಹಿರಿಯರ ಬಾಯಲ್ಲಿ ಕೇಳಿದ್ದೇವೆ. 1898ರಲ್ಲಿ ಬೆಂಗಳೂರಿಗೆ ಬಂದ ಅದೇ ಮಾರಿಯ ಅಲೆ ಹಡಗುಗಳ ಜೊತೆ ದೇಶ ದೇಶ ಸುತ್ತಿ, 1914ರಲ್ಲಿ ಪಶ್ಚಿಮ ಆಫ್ರಿಕಾದ ಡಕಾರ್‌ಗೂ ಕಾಲಿಟ್ಟಿತು. ಇಂದು ಸೆನೆಗಲ್ ದೇಶದ ರಾಜಧಾನಿಯಾದ ಈ ನಗರ ಆಗ ಫ್ರೆಂಚರ ಕೈಯಲ್ಲಿತ್ತು.

ರೋಗ ತಡೆಯುವ ನೆಪದಲ್ಲಿ ಫ್ರೆಂಚ್ ಅಧಿಕಾರಿಗಳು ಆಫ್ರಿಕನ್ನರ ಗುಡಿಸಲುಗಳನ್ನು ಸುಟ್ಟರು. ಜನರನ್ನು ಮೆದಿನಾ ಎಂಬ ಹೊಸ ಬಡಾವಣೆಗೆ ಸಾಗಿಸಿದರು. ಪ್ಲಾಟೋ ಎಂಬ ನಗರದ ಮುಖ್ಯಭಾಗದಲ್ಲಿ ಇನ್ನುಮುಂದೆ ಗಟ್ಟಿ ಮನೆಗಳನ್ನಷ್ಟೇ ಕಟ್ಟಬೇಕೆಂದರು. ನಿಯಮದಲ್ಲಿ ಮೈಬಣ್ಣದ ಮಾತೇ ಇಲ್ಲ. ಆದರೆ ಗಟ್ಟಿ ಮನೆ ಕಟ್ಟುವ ದುಡ್ಡು ಯಾರ ಹತ್ತಿರ ಇತ್ತು?

ಅಲ್ಲಿನ ಮೂಲ ನಿವಾಸಿಗಳಾದ ಲೆಬು ಜನ ಸುಮ್ಮನೆ ಕೂರಲಿಲ್ಲ, ಎದುರು ನಿಂತರು. ಅದೇ ವರ್ಷ ಬ್ಲೇಸ್ ದಿಯಾಞ್ ಫ್ರೆಂಚ್ ಸಂಸತ್ತಿಗೆ ಆಯ್ಕೆಯಾದರು. ಆ ಸಂಸತ್ತಿಗೆ ಹೋದ ಮೊದಲ ಕಪ್ಪು ಆಫ್ರಿಕನ್ ಅವರೇ. ಸ್ಥಳಾಂತರದ ಕೆಲಸ ಅರ್ಧಕ್ಕೇ ನಿಂತಿತು. ಆದರೂ ಗೆರೆ ಅಳಿಯಲಿಲ್ಲ.

1952ರಿಂದ ಇನ್ನೊಂದು ಸುತ್ತು. ನಗರದೊಳಗಿನ ಬಡವರನ್ನು ಹತ್ತು ಕಿಲೋಮೀಟರಿಗೂ ಆಚೆಯ ಪಿಕಿನ್‌ಗೆ ಕಳಿಸಿದರು. ಡಕಾರ್ ಇರುವುದು ಸಮುದ್ರಕ್ಕೆ ಚಾಚಿದ ನೆಲದ ತುದಿಯಲ್ಲಿ. ಬಂದರು, ಕಚೇರಿ, ದೊಡ್ಡ ಮಾರುಕಟ್ಟೆ ಎಲ್ಲ ಆ ತುದಿಯಲ್ಲೇ. ಹಾಗಾಗಿ ದೂರ ತಳ್ಳಿಸಿಕೊಂಡವರೇ ಕೂಲಿಗೆಂದು ದಿನಾ ಅಷ್ಟು ದೂರ ವಾಪಸ್ ಬರಬೇಕಾಯಿತು, ಅದಕ್ಕೆ ಚಾರ್ಜನ್ನೂ ತೆರಬೇಕಾಯಿತು.

ಅವರನ್ನು ದಶಕಗಳ ಕಾಲ ಹೊತ್ತದ್ದು ನೀಲಿ-ಹಳದಿ ಬಣ್ಣದ ಹಳೇ ವ್ಯಾನುಗಳು. ಹೆಸರು 'ಕಾರ್ ರಾಪಿಡ್', ಅಂದರೆ ವೇಗದ ಗಾಡಿ. ಹಿಂಬಾಗಿಲಲ್ಲಿ ಜೋತುಬಿದ್ದ ಹುಡುಗ ಊರಿನ ಹೆಸರು ಕೂಗುತ್ತಾ ಜನ ತುಂಬಿಸುತ್ತಾನೆ. ಚಾರ್ಜಿಗೂ ಕಾಸಿಲ್ಲದವರು ನಡೆಯುತ್ತಾರೆ. ಇಂದಿಗೂ ಡಕಾರಿನ ಬಹುಪಾಲು ಓಡಾಟ ಕಾಲ್ನಡಿಗೆಯದೇ. ನಡೆದು ಎಷ್ಟು ದೂರ ಹೋಗಬಹುದು? ಬಡ ಮನೆಯ ಹೆಂಗಸರಲ್ಲಿ ಎಷ್ಟೋ ಮಂದಿಯ ದಿನ ತಮ್ಮ ಕೇರಿಯ ಸುತ್ತಲೇ ಮುಗಿದುಹೋಗುತ್ತದೆ.

2021ರ ಡಿಸೆಂಬರಿನಲ್ಲಿ ವೇಗದ ರೈಲು ಬಂತು. 2024ರಲ್ಲಿ ಪಿಕಿನ್ ಪಕ್ಕದ ಗೆಜವಾಯ್‌ನಿಂದ ನಗರದ ಮಧ್ಯಕ್ಕೆ ಪ್ರತ್ಯೇಕ ದಾರಿಯ ಎಲೆಕ್ಟ್ರಿಕ್ ಬಸ್ಸು ಓಡತೊಡಗಿತು. ಟ್ರಾಫಿಕ್ಕಿನಲ್ಲಿ ಸಾಯುತ್ತಿದ್ದ ಸಮಯ ಉಳಿಯಿತು. ಒಳ್ಳೆಯದೇ.

ಹೊಸ ರೈಲು, ಹೊಸ ಬಸ್ಸು ಬಂದಾಗ ನಾವು ಮೊದಲು ಕೇಳುವುದು ಎಷ್ಟು ಸ್ಪೀಡು ಅಂತ. ಡಕಾರಿನ ನೂರು ವರ್ಷದ ಕಥೆ ಓದಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು ಅನಿಸಿದೆ: ಅದರ ಟಿಕೆಟ್ ಯಾರ ಕೈಗೆ ಎಟಕುತ್ತದೆ?