ಸ್ಟೆಂಟ್ ಹಾಕಿಸಿಕೊಂಡ ಮೇಲೆ ನಾಟಿ ಔಷಧಿ: ಮಾತ್ರೆಯ ಜೊತೆಗೋ, ಮಾತ್ರೆಯ ಬದಲಿಗೋ?

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಈಗ ತಾಳವಾಡಿ ಬೆಟ್ಟದ ಹಳ್ಳಿಗಳಲ್ಲೂ ಇದ್ದಾರೆ. ಕೆಲವರು ಚಾಮರಾಜನಗರ ದಾಟಿ ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗುತ್ತಾರೆ. ಕೆಲವರು ದಿಂಬಂ ಘಾಟಿ ಇಳಿದು ಈರೋಡು, ಕೊಯಮತ್ತೂರು ಸೇರುತ್ತಾರೆ. ಊರಿಗೆ ಮರಳಿದ ಕೆಲವು ತಿಂಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಈ ಮಾತ್ರೆಗಳನ್ನು ಬಿಟ್ಟು ಮರದ ಚಕ್ಕೆಯ ಕಷಾಯ ಕುಡಿದರೆ ಸಾಲದೆ?

ಚೀನಾ ದೇಶದಲ್ಲಿ ಅಲ್ಲಿನ ನಾಟಿ ಔಷಧಿಯನ್ನು ಹೃದಯಾಘಾತ ಆದವರಿಗೆ ಕೊಟ್ಟು ದೊಡ್ಡ ಪರೀಕ್ಷೆಯನ್ನೇ ನಡೆಸಲಾಗಿದೆ. ಅದರಿಂದ ಗಡಿಭಾಗದವರೂ ತಿಳಿಯಬೇಕಾದ ಪಾಠವಿದೆ.

ಸ್ಟೆಂಟ್ ಏನು ಮಾಡುತ್ತದೆ?

ಸ್ಟೆಂಟ್ ಎಂದರೆ ಸಣ್ಣ ಲೋಹದ ಬಲೆಯ ಕೊಳವೆ. ಕೊಬ್ಬು ಕಟ್ಟಿ ಕಿರಿದಾದ ಜಾಗವನ್ನು ಬಲೂನಿನಿಂದ ಹಿಗ್ಗಿಸಿ, ಮತ್ತೆ ಮುಚ್ಚದಂತೆ ಇದನ್ನು ಅಲ್ಲಿ ನಿಲ್ಲಿಸುತ್ತಾರೆ. ಬಲೂನ್ ಚಿಕಿತ್ಸೆಯನ್ನು 1977ರಲ್ಲಿ ಜೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಮೊದಲು ಮಾಡಿದರು. ಹೃದಯದ ನಾಳಕ್ಕೆ ಸ್ಟೆಂಟ್ ಬಂದದ್ದು 1986ರಲ್ಲಿ.

ಸ್ಟೆಂಟ್ ಒಂದು ಜಾಗವನ್ನು ಮಾತ್ರ ತೆರೆಯುತ್ತದೆ. ಕೊಬ್ಬು ಕಟ್ಟುವ ರೋಗ ಹಾಗೆಯೇ ಉಳಿದಿರುತ್ತದೆ. ಇದಲ್ಲದೆ ಹೊಸ ಲೋಹದ ಮೇಲೆ ನಾಳದ ಒಳಪದರ ಬೆಳೆಯುವವರೆಗೆ ರಕ್ತ ಹೆಪ್ಪುಗಟ್ಟುವ ಭಯವಿದೆ. ಆದುದರಿಂದಲೇ ಆಸ್ಪಿರಿನ್ ಜೊತೆಗೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್ ಕೊಡುತ್ತಾರೆ. ಹೃದಯಾಘಾತ ಆದವರಿಗೆ ಎರಡೂ ಮಾತ್ರೆ ಸಾಮಾನ್ಯವಾಗಿ ಒಂದು ವರ್ಷ, ಆಘಾತವಿಲ್ಲದೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ 6 ತಿಂಗಳು. ರೋಗಿಯನ್ನು ನೋಡಿ ವೈದ್ಯರು ಇದನ್ನು ಹೆಚ್ಚು ಕಡಿಮೆ ಮಾಡಬಹುದು. ಆಮೇಲೆ ಒಂದು ಮಾತ್ರೆ, ಮತ್ತು ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆ, ಸಾಮಾನ್ಯವಾಗಿ ಜೀವನಪೂರ್ತಿ. ತಾವಾಗಿ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಕುತ್ತು ಬರಬಹುದು.

ಚೀನಾದ ಪರೀಕ್ಷೆ

ಟಾಂಗ್‌ಶಿನ್‌ಲುವೊ ಎಂಬುದು ಚೀನಾದ ಸಾಂಪ್ರದಾಯಿಕ ಔಷಧಿಯ ಕ್ಯಾಪ್ಸೂಲ್. ಜಿನ್‌ಸೆಂಗ್ ಬೇರಿನ ಜೊತೆಗೆ ಜಿಗಣೆ, ಚೇಳು, ಜಿರಲೆಯಂಥ ಜೀವಿಗಳ ಪುಡಿಯೂ ಅದರಲ್ಲಿದೆ. 2019ರಿಂದ 2020ರವರೆಗೆ ಅಲ್ಲಿನ 124 ಆಸ್ಪತ್ರೆಗಳಲ್ಲಿ ತೀವ್ರ ಹೃದಯಾಘಾತವಾದ 3,777 ಮಂದಿಯನ್ನು ಪರೀಕ್ಷೆಗೆ ಸೇರಿಸಿಕೊಂಡರು. ಅರ್ಧದಷ್ಟು ಜನರಿಗೆ ಈ ಔಷಧಿ, ಉಳಿದವರಿಗೆ ಅದೇ ರೂಪದ ಖಾಲಿ ಔಷಧಿ. ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ತಿಳಿಸಿರಲಿಲ್ಲ.

ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಹೃದ್ರೋಗದಿಂದ ಸಾವು, ಮತ್ತೆ ಆಘಾತ, ಪಾರ್ಶ್ವವಾಯು ಮುಂತಾದ ತೊಂದರೆ ಕಂಡದ್ದು ಔಷಧಿ ಪಡೆದವರಲ್ಲಿ ಶೇ. 5.3, ಪಡೆಯದವರಲ್ಲಿ ಶೇ. 8.3. ಲಾಭ ಕಂಡದ್ದು ನಿಜ. ಆದರೆ ಎರಡೂ ಗುಂಪಿನವರಿಗೆ ಆಸ್ಪತ್ರೆಯ ಚಿಕಿತ್ಸೆ ಮತ್ತು ಮಾತ್ರೆಗಳು ನಡೆದೇ ಇದ್ದವು. ನಾಟಿ ಔಷಧಿ ಅವುಗಳ ಜೊತೆಗೆ ಸೇರಿತೇ ಹೊರತು ಬದಲಿಗೆ ಬರಲಿಲ್ಲ. ಪರೀಕ್ಷೆ ನಡೆದದ್ದು ಒಂದೇ ದೇಶದಲ್ಲಿ, ನೋಡಿದ್ದು ಒಂದು ವರ್ಷ ಎಂಬುದನ್ನೂ ಮರೆಯಬಾರದು.

ನಮ್ಮ ತೊರೆಮತ್ತಿ

ಇಲ್ಲಿ ಹೃದಯಕ್ಕೆ ಹೆಸರಾದದ್ದು ಹಳ್ಳ ಹೊಳೆಗಳ ದಡದಲ್ಲಿ ಬೆಳೆಯುವ ತೊರೆಮತ್ತಿ, ಅಂದರೆ ಅರ್ಜುನ ಮರ. ತಮಿಳಿನಲ್ಲಿ ಮರುದ ಮರ. ನಾಟ್ಟು ಮರುಂದು ಅಂಗಡಿಗಳಲ್ಲಿ ಇದರ ತೊಗಟೆ ಮರುದಂ ಪಟ್ಟೈ ಎಂದು ಸಿಗುತ್ತದೆ. ಇದರ ತೊಗಟೆ ನುಣುಪು, ಬಿಳಿಚು ಬಣ್ಣ. ಕಾಡಿನ ಕರಿಮತ್ತಿಯದು ಕಪ್ಪಗೆ, ಮೊಸಳೆಯ ಚರ್ಮದಂತೆ ಸೀಳಿರುತ್ತದೆ.

ಎದೆನೋವಿದ್ದ 58 ಪುರುಷರಿಗೆ ಇದರ ಸಾರ ಕೊಟ್ಟ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ನೋವು ಕಡಿಮೆಯಾಯಿತೆಂದು ಅದು ಹೇಳಿತು. ಆದರೆ ಅದು ಚಿಕ್ಕದು, ಔಷಧಿ ಕೊಟ್ಟದ್ದು ಒಂದು ವಾರ. ಅಷ್ಟರಿಂದ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ಬಿಡಬಹುದು ಎಂಬುದಕ್ಕೆ ಆಧಾರ ಸಿಗುವುದಿಲ್ಲ. ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುದಿಸಿ ಕುಡಿದರೆ 'ಬ್ಲಾಕ್' ಕರಗುತ್ತದೆ ಎಂಬ ಮಾತಿಗೂ ಆಧಾರವಿಲ್ಲ.

ಎಚ್ಚರ ಬೇಕಾದವು

* ಬೆಳ್ಳುಳ್ಳಿ, ಅರಿಶಿನ ಅಡುಗೆಯ ಅಳತೆಯಲ್ಲಿ ತೊಂದರೆಯಿಲ್ಲ. ಕ್ಯಾಪ್ಸೂಲ್ ಅಥವಾ ಸಾರದ ರೂಪದಲ್ಲಿ ಹೆಚ್ಚು ತೆಗೆದುಕೊಂಡರೆ, ರಕ್ತ ತೆಳುವಾಗಿಸುವ ಮಾತ್ರೆಯೊಂದಿಗೆ ಸೇರಿ ರಕ್ತಸ್ರಾವ ಹೆಚ್ಚಬಹುದು.
* ಅತಿಮಧುರ ಚೀನಾದ ಔಷಧಿಯಲ್ಲೂ ಇದೆ, ಸಿದ್ಧ ಮತ್ತು ಆಯುರ್ವೇದದಲ್ಲೂ ಇದೆ. ಬಹಳ ದಿನ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ.
* ಚೀನಾದ ಡಾನ್‌ಶೆನ್ ಬೇರು ವಾರ್ಫರಿನ್ ಮಾತ್ರೆಯ ಪರಿಣಾಮವನ್ನು ಅಪಾಯಕಾರಿಯಾಗಿ ಹೆಚ್ಚಿಸುತ್ತದೆ.
* ಕೀಲುನೋವಿಗೆ ಡೈಕ್ಲೋಫೆನಾಕ್‌ನಂಥ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ನುಂಗಬಾರದು. ಹೃದಯಕ್ಕೂ ಹೊಟ್ಟೆಗೂ ಅಪಾಯ.
* ಹಲ್ಲು ಕೀಳಿಸುವುದಿದ್ದರೂ ಹೃದಯದ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರದಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಯೋಗದ ಮಾತು

ಭಾರತದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3,959 ಮಂದಿಯ ಮೇಲೆ ಯೋಗಾಭ್ಯಾಸದ ಪರೀಕ್ಷೆ ನಡೆದು 2020ರಲ್ಲಿ ಪ್ರಕಟವಾಯಿತು. ಸಾವು, ಮರು ಆಘಾತಗಳಲ್ಲಿ ಖಚಿತ ವ್ಯತ್ಯಾಸ ತೋರಲಿಲ್ಲ. ಆದರೆ ಯೋಗ ಮಾಡಿದವರು ಹಿಂದಿನ ಕೆಲಸಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು. ಬೀಡಿ, ತಂಬಾಕು ಬಿಡುವುದು, ಉಪ್ಪು ಕಡಿಮೆ ಮಾಡುವುದು, ವೈದ್ಯರು ಹೇಳಿದಷ್ಟು ನಡೆಯುವುದು ಎಲ್ಲ ಪದ್ಧತಿಯವರೂ ಒಪ್ಪುವ ಮಾತು.

ಗಡಿಯವರಿಗೆ ವಿಶೇಷ

ಮೈಸೂರಿನಲ್ಲಿ ಬರೆದ ಚೀಟಿಗೆ ತಮಿಳುನಾಡಿನಲ್ಲಿ ಮಾತ್ರೆ ಪಡೆಯುವಾಗ ಕಂಪನಿ ಹೆಸರು ಬೇರೆಯಾಗಬಹುದು. ಒಳಗಿನ ಔಷಧಿಯ ಹೆಸರು ಮತ್ತು ಮಿಲಿಗ್ರಾಂ ಒಂದೇ ಇದೆಯೇ ಎಂದು ನೋಡಬೇಕು. ಬಿಡುಗಡೆ ಪತ್ರದ ನಕಲು ಸದಾ ಜೊತೆಯಲ್ಲಿರಲಿ. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ತರಿಸಿಕೊಳ್ಳಬೇಕು. ತಮಿಳುನಾಡಿನ 'ಇದಯಂ ಕಾಪ್ಪೋಂ' ಯೋಜನೆಯಡಿ 2023ರಿಂದ ಹೃದಯಾಘಾತದ ಮೊದಲ ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಕೊಡುವ ವ್ಯವಸ್ಥೆಯಾಗಿದೆ. ಎದೆನೋವು, ಬೆವರು, ಎಡಗೈ ಸೆಳೆತ ಕಂಡರೆ ಕಷಾಯ ಕಾಯಿಸುತ್ತಾ ಕೂರದೆ 108ಕ್ಕೆ ಕರೆ ಮಾಡಬೇಕು. ದಿಂಬಂ ಘಾಟಿಯ 27 ತಿರುವು ಇಳಿಯಬೇಕಾದವರಿಗೆ ಪ್ರತಿ ನಿಮಿಷವೂ ಮುಖ್ಯ.

ಸೋಲಿಗರು, ಊರಾಳಿಗಳು ಮತ್ತು ಊರಿನ ಹಿರಿಯರು ತಿಳಿದ ಮದ್ದನ್ನು ಯಾರೂ ಕೀಳಾಗಿ ಕಾಣಬೇಕಿಲ್ಲ. ಕಷಾಯ ಕುಡಿಯುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡದೆ, ಪುಡಿಯ ಪೊಟ್ಟಣವನ್ನೇ ತೋರಿಸಿ ಕೇಳುವುದು ಒಳ್ಳೆಯದು. ಮಾತ್ರೆ ಮಾತ್ರ ಒಂದು ದಿನವೂ ತಪ್ಪಬಾರದು.