ಐಸ್‌ಕ್ರೀಮ್ ನಮ್ಮ ಮನೆಯಂಗಳಕ್ಕೆ ಬಂದ ದಾರಿ



ಮಾವು, ಹಲಸು, ಅನಾನಸು ಒಟ್ಟೊಟ್ಟಿಗೆ ಹಣ್ಣಾಗುವ ಬೇಸಿಗೆಯಲ್ಲಿ ಮನೆಯಲ್ಲೇ ಐಸ್‌ಕ್ರೀಮ್ ಮಾಡುವ ಮಾತು ಬಂದರೆ, "ಫ್ರಿಜ್ ಇದ್ದರಾಯಿತು" ಎನ್ನುತ್ತೇವೆ. ಆದರೆ ಐಸ್‌ಕ್ರೀಮ್ ಫ್ರಿಜ್‌ಗಿಂತ ಎಷ್ಟೋ ಹಳೆಯದು. ಕರೆಂಟ್ ಇಲ್ಲದ ಕಾಲದಲ್ಲಿ ಅದನ್ನು ಗಟ್ಟಿ ಮಾಡುತ್ತಿದ್ದದ್ದು ಮಂಜುಗಡ್ಡೆ ಮತ್ತು ಉಪ್ಪು.

ಬರೀ ಮಂಜುಗಡ್ಡೆ ಸಾಲದು. ಅದು ಕರಗುವುದು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಕ್ಕರೆ ಬೆರೆತ ಹಾಲು ಹೆಪ್ಪುಗಟ್ಟಲು ಅದಕ್ಕಿಂತ ಹೆಚ್ಚಿನ ತಂಪು ಬೇಕು. ಉಪ್ಪು ಹಾಕಿದಾಗ ಮಂಜುಗಡ್ಡೆ ಬೇಗ ಕರಗುತ್ತದೆ. ಕರಗಲು ಬೇಕಾದ ಶಾಖವನ್ನು ಪಕ್ಕದಲ್ಲಿರುವ ಪಾತ್ರೆಯಿಂದ ಎಳೆದುಕೊಳ್ಳುತ್ತದೆ. ಹೀಗೆ ಉಪ್ಪುನೀರು ಸುಮಾರು ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು.

ಲವಣದಿಂದ ತಂಪು ಮಾಡುವ ವಿದ್ಯೆ ನಮ್ಮ ದೇಶಕ್ಕೂ ಹೊಸದಲ್ಲ. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಹೂಜಿಯನ್ನು ಆಡಿಸಿ ಕುಡಿಯುವ ನೀರನ್ನು ತಂಪು ಮಾಡುತ್ತಿದ್ದರೆಂದು ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಬರೆದಿದ್ದಾನೆ. ಲಾಹೋರಿನಲ್ಲಿದ್ದಾಗ ಉತ್ತರದ ಬೆಟ್ಟಗಳಿಂದ ದೋಣಿ, ಗಾಡಿ ಮತ್ತು ಹೊರೆಯಾಳುಗಳ ಮೂಲಕ ಮಂಜುಗಡ್ಡೆ ಬರುತ್ತಿತ್ತು. ಅದೇ ಕಾಲದಲ್ಲಿ, 1589ರಲ್ಲಿ, ನೇಪಲ್ಸ್‌ನ ಜಾಂಬಾಟಿಸ್ಟಾ ಡೆಲ್ಲಾ ಪೋರ್ಟಾ ಹಿಮ ಮತ್ತು ಪೆಟ್ಲುಪ್ಪಿನಿಂದ ದ್ರಾಕ್ಷಾರಸವನ್ನು ಹೆಪ್ಪುಗಟ್ಟಿಸುವ ವಿಧಾನವನ್ನು ಪ್ರಕಟಿಸಿದ.

ಮಂಜುಗಡ್ಡೆ ದೂರದಿಂದ ಬರಬೇಕಾದಾಗ ಅದಕ್ಕೆ ಬೆಲೆಯೂ ಹೆಚ್ಚು, ಹೊರುವವರ ಶ್ರಮವೂ ಹೆಚ್ಚು. 1833ರ ಮೇ ತಿಂಗಳಲ್ಲಿ ಬೋಸ್ಟನ್ನಿನ ವ್ಯಾಪಾರಿ ಫ್ರೆಡೆರಿಕ್ ಟ್ಯೂಡರ್ ಸುಮಾರು 180 ಟನ್ ಮಂಜುಗಡ್ಡೆಯನ್ನು 'ಟಸ್ಕನಿ' ಹಡಗಿನಲ್ಲಿ ಕಲ್ಕತ್ತಕ್ಕೆ ಕಳುಹಿಸಿದ. ನಾಲ್ಕು ತಿಂಗಳ ಸಮುದ್ರಯಾನದ ನಂತರವೂ ಸುಮಾರು 100 ಟನ್ ಉಳಿದಿತ್ತಂತೆ! ಮದ್ರಾಸಿನ ಕಡಲತೀರದಲ್ಲಿ 1842ರಲ್ಲಿ ಅದಕ್ಕೆಂದೇ ಐಸ್ ಹೌಸ್ ಕಟ್ಟಿದರು. ಆ ಕಟ್ಟಡ ಈಗಲೂ ಇದೆ. ಇಂದು ಅದು ವಿವೇಕಾನಂದ ಸ್ಮಾರಕ. ಹಡಗಿನಿಂದ ಇಳಿಸಿ ಹೊತ್ತವರು ಕೂಲಿಗಳು, ಸವಿದವರು ಕೊಳ್ಳುವ ಶಕ್ತಿ ಇದ್ದ ಸಾಹೇಬರು, ಸಿರಿವಂತರು.

ಮಂಜುಗಡ್ಡೆ ಸಿಕ್ಕರೂ ಐಸ್‌ಕ್ರೀಮ್ ಮಾಡುವುದು ಸುಲಭವಿರಲಿಲ್ಲ. ಮಿಶ್ರಣದ ಪಾತ್ರೆಯನ್ನು ಕೈಯಿಂದ ಅಲ್ಲಾಡಿಸಬೇಕು, ಮತ್ತೆ ಮತ್ತೆ ತೆರೆದು ಅಂಚನ್ನು ಕೆರೆಯಬೇಕು. ಆಳುಕಾಳು ಇರುವ ಮನೆಗೇ ಅದು ಸರಿ. 1843ರ ಸೆಪ್ಟೆಂಬರ್ 9ರಂದು ಅಮೆರಿಕದ ಫಿಲಡೆಲ್ಫಿಯಾದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ ಇದಕ್ಕೊಂದು ಉಪಾಯಕ್ಕೆ ಪೇಟೆಂಟ್ ಪಡೆದರು. ಮರದ ಬಾಲ್ದಿ, ಅದರೊಳಗೆ ತಗಡಿನ ಡಬ್ಬ, ಡಬ್ಬದೊಳಗೆ ತೂತುಗಳಿರುವ ಹಲಗೆ, ಮೇಲೊಂದು ಹಿಡಿಕೆ. ಹಿಡಿಕೆ ತಿರುಗಿಸಿದರೆ ಹಲಗೆಯೇ ಮಿಶ್ರಣವನ್ನು ಕಲಕಿ ಅಂಚನ್ನು ಕೆರೆಯುತ್ತದೆ. ಮುಚ್ಚಳ ತೆರೆಯುವ ಕೆಲಸವಿಲ್ಲ. ಕಲಕುತ್ತಿದ್ದರೆ ಹರಳುಗಳು ಸಣ್ಣದಾಗಿಯೇ ಉಳಿದು ಐಸ್‌ಕ್ರೀಮ್ ನುಣುಪಾಗುತ್ತದೆ. ಹಿಡಿಕೆ ತಿರುಗಿಸಲು ಆಳು ಬೇಡ, ಮನೆಯ ಮಕ್ಕಳೇ ಸಾಕು. 1870ರ ದಶಕದಿಂದ ಭಾರತದಲ್ಲೇ ಮಂಜುಗಡ್ಡೆ ಕಾರ್ಖಾನೆಗಳು ಬಂದಾಗ ಹಡಗಿನ ದಾರಿ ಕಾಯುವುದೂ ತಪ್ಪಿತು.

ನಮ್ಮ ಕಾಸರಗೋಡಿನವರಿಗೆ ಐಸ್‌ಕ್ರೀಮ್ ಎಂದರೆ ಮಂಗಳೂರು ನೆನಪಾಗುವುದು ಸಹಜ. ಅಲ್ಲಿನ ಐಡಿಯಲ್ 1975ರಲ್ಲಿ ಆರಂಭವಾಯಿತು. ಹಣ್ಣು, ಜೆಲ್ಲಿ, ಐಸ್‌ಕ್ರೀಮ್ ಪದರ ಪದರವಾಗಿ ತುಂಬಿದ ಗಡ್‌ಬಡ್ ತಿನ್ನದೆ ಮಂಗಳೂರು ಪೇಟೆಯಿಂದ ಬಸ್ ಹತ್ತುವವರು ಕಡಿಮೆ!

ಆದರೂ ಈ ರಜೆಯಲ್ಲಿ ಹಳೆಯ ದಾರಿಯನ್ನೇ ಒಮ್ಮೆ ನೋಡೋಣ. ಕಾಟುಮಾವಿನ ರಸಕ್ಕೆ ಸಕ್ಕರೆ ಬೆರೆಸಿ, ಕುದಿಸಿ ಆರಿಸಿದ ಗಟ್ಟಿ ಹಾಲು ಮತ್ತು ಕೆನೆ ಸೇರಿಸಿ. ಅನಾನಸಾದರೆ ಮೊದಲು ಬೇಯಿಸಿ ಆರಿಸಬೇಕು. ಹಸಿಯಾಗಿ ಹಾಕಿದರೆ ಹಾಲು ಕಹಿಯಾಗುತ್ತದೆ. ಸ್ಟೀಲ್ ಡಬ್ಬದ ಮುಕ್ಕಾಲು ಭಾಗ ಮಾತ್ರ ತುಂಬಿಸಿ, ಬಾಲ್ದಿಯಲ್ಲಿಟ್ಟು, ಸುತ್ತಲೂ ಮೂರು ಪಾಲು ಮಂಜುಗಡ್ಡೆಗೆ ಒಂದು ಪಾಲು ಕಲ್ಲುಪ್ಪು ಹಾಕಿ. ಡಬ್ಬವನ್ನು ತಿರುಗಿಸುತ್ತಿರಿ, ನಡುನಡುವೆ ಮುಚ್ಚಳ ಒರೆಸಿ ತೆರೆದು, ಅಂಚು ಕೆರೆದು ಕಲಕಿ. ಉಪ್ಪುನೀರು ಒಳಗೆ ಹೋಗದಂತೆ ಜಾಗ್ರತೆ.

ಒಬ್ಬರ ಕೈ ಬೇಗ ಸೋಲುತ್ತದೆ. ಹಾಗಾಗಿ ಅಣ್ಣ, ತಂಗಿ, ಅಪ್ಪ, ಅಜ್ಜಿ ಎಲ್ಲರೂ ಸರದಿಯಲ್ಲಿ ತಿರುಗಿಸಲಿ. ಹಿಂದೆ ಆಳುಗಳು ದುಡಿದು ದೊಡ್ಡವರು ತಿಂದ ತಿನಿಸು ಇದು. ನಮ್ಮ ಅಂಗಳದಲ್ಲಿ ತಿರುಗಿಸಿದವರಿಗೆಲ್ಲ ಒಂದೊಂದು ಬಟ್ಟಲು ಸಿಗಲಿ.